ನಾನು ಹೊತ್ತಿರದ ಹರಕೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೆಕ್ಟರಿನ ಹೆಂಗಸರು ಒಂಬತ್ತು ವರ್ಷ ನನ್ನನ್ನು ದೊಡ್ಡ ಭಕ್ತೆ ಎಂದು ತಿಳಿದಿದ್ದರು. ಸೋಮವಾರ ನಾನು ಸಂಜೆ ದೀಪ ಹಚ್ಚುವವರೆಗೆ ಏನೂ ಮುಟ್ಟುತ್ತಿರಲಿಲ್ಲ. ಗುರುವಾರ ಒಪ್ಪತ್ತು. ಶನಿವಾರ ಬರೀ ಹಣ್ಣು. ನಡುವೆ ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ ಬಂದರೆ ಅವೂ ನನ್ನವೇ. ಯಾರ ಮನೆಯಲ್ಲಿ ಉಡಿ ತುಂಬುವುದಿದ್ದರೂ ಮೊದಲ ಕುಂಕುಮ ನನ್ನ ಕೈಯಿಂದಲೇ ಹಚ್ಚಿಸುತ್ತಿದ್ದರು. ಪರೀಕ್ಷೆಗೆ ಹೋಗುವ ಮಕ್ಕಳನ್ನು ಕರೆತಂದು ನನಗೆ ನಮಸ್ಕಾರ ಮಾಡಿಸುತ್ತಿದ್ದರು. ನಾನು ಮುಖ ಗಂಭೀರ ಮಾಡಿಕೊಂಡು, ಅವರ ತಲೆಯ ಮೇಲೆ ಕೈಯಿಟ್ಟು, ‘ಛಲೋ ಬರೀರಿ’ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ದೇವರಿಗೂ ಆ ಉಪವಾಸಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾನು ದಪ್ಪಗಿದ್ದೆ, ತೆಳ್ಳಗಾಗಬೇಕಿತ್ತು, ಅಷ್ಟೇ.

ನನ್ನ ತವರು ಇಳಕಲ್ಲ. ನೇಕಾರರ ಮನೆ. ಪಡಸಾಲೆಯಲ್ಲೇ ಮಗ್ಗ, ಅದರ ಸದ್ದಿನಲ್ಲೇ ಊಟ, ನಿದ್ದೆ, ಜಗಳ. ಅಣ್ಣನ ಮಗಳ ಮದುವೆಗೆಂದು ಹೋದಾಗ ಹೊಸ ಸೀರೆ ಉಟ್ಟು ಪಡಸಾಲೆಗೆ ಬಂದೆ. ಎರಡು ನೆರಿಗೆ ಕಡಿಮೆಯಾಗಿದ್ದವು, ಸೆರಗು ಗಿಡ್ಡವಾಗಿತ್ತು. ಮಾತಿನಲ್ಲಿ ಯಾರನ್ನೂ ಬಿಡದ ನನ್ನ ಚಿಗವ್ವ ಬೀಗರ ಮುಂದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ನಮ್ಮ ಮಗ್ಗದ ಸೀರಿ ನಿನಗ ಸಾಲೂದಿಲ್ಲ ಬಿಡ ತಂಗಿ. ನಿನಗಂತ ಬ್ಯಾರೆ ಮಗ್ಗಾನ ಹೂಡಬೇಕು’ ಎಂದಳು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಮುಖಕ್ಕೆ ಹೊಡೆದಂತಾದಾಗ ನಗುವುದು ನನ್ನ ಹಳೆಯ ಚಾಳಿ. ಆ ದಿನ ಹೋಳಿಗೆಯನ್ನೂ ಬಡಿಸಿಕೊಂಡು ತಿಂದೆ, ಯಾರಿಗೂ ಗೊತ್ತಾಗಬಾರದೆಂದು. ಆದರೆ ಬಸ್ಸಿನಲ್ಲಿ ಬರುವಾಗ ಹುನಗುಂದ ದಾಟುವುದರೊಳಗೆ ತೀರ್ಮಾನ ಮಾಡಿಬಿಟ್ಟಿದ್ದೆ. ಮರುದಿನ ಸೋಮವಾರವಾಗಿತ್ತು.

ಬೆಳಿಗ್ಗೆ ಅತ್ತೆ ಬಿಸಿ ರೊಟ್ಟಿಯ ತಟ್ಟೆ ಹಿಡಿದು ಬಂದರು. ನಾನು ಬೇಡವೆಂದೆ. ‘ಯಾಕ ತಂಗಿ, ಅಲ್ಲಿ ಯಾರರ ಏನರ ಅಂದ್ರೇನು?’ ಎಂದು ಕೇಳಿದರು. ಮನುಷ್ಯರ ಮುಖ ಓದುವುದರಲ್ಲಿ ಅವರು ಗಟ್ಟಿ. ಹೌದು ಎಂದಿದ್ದರೆ ಚಿಗವ್ವನಿಗೆ ಫೋನ್ ಹಚ್ಚಿ ಬೈಯುತ್ತಿದ್ದರು. ತೂಕ ಇಳಿಸುತ್ತೇನೆ ಎಂದಿದ್ದರೆ ತಟ್ಟೆ ಅಲ್ಲೇ ಇಟ್ಟು, ನಾನು ತಿನ್ನುವವರೆಗೆ ಎದುರಿಗೆ ಕೂತುಬಿಡುತ್ತಿದ್ದರು. ಸೊಸೆ ಹಸಿದು ಶಾಲೆಗೆ ಪಾಠ ಹೇಳಲು ಹೋದಳೆಂದರೆ ಅವರಿಗೆ ಅದು ಮನೆಯಲ್ಲಿ ಜಗಳವಾದಂತೆಯೇ. ಅದಕ್ಕೆ ನನ್ನ ಬಾಯಿ ತಾನಾಗಿಯೇ ಒಂದು ದಾರಿ ಹುಡುಕಿತು.

‘ಹರಕಿ ಐತ್ರಿ ಅತ್ತಿ. ಬನಶಂಕರಿಗೆ ಬೇಡ್ಕೊಂಡೀನಿ. ಏನಂತ ಕೇಳಬ್ಯಾಡ್ರಿ.’

ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ತಪ್ಪು ಮಾಡಿದವರಂತೆ ಗಲ್ಲ ಗಲ್ಲ ಬಡಿದುಕೊಂಡರು. ನಮ್ಮ ಕಡೆ ಹರಕೆ ಹೊತ್ತವರನ್ನು ಏನು, ಯಾಕೆ, ಎಲ್ಲಿಯವರೆಗೆ ಎಂದು ಯಾರೂ ಕೇಳುವುದಿಲ್ಲ. ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂಬ ನಂಬಿಕೆ. ನನಗೆ ಬೇಕಾದದ್ದು ಅದೇ. ಒಂದೇ ಮಾತಿಗೆ ಇಡೀ ಮನೆ ಬಾಯಿ ಮುಚ್ಚಿಕೊಂಡಿತು. ನನಗೆ ಆಗ ಬಹಳ ಜಾಣತನ ಮಾಡಿದೆ ಎನ್ನಿಸಿತ್ತು. ಇವತ್ತು ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಒಂದು ಸೋಮವಾರದ ಸುಳ್ಳಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ತಿಂಗಳೊಪ್ಪತ್ತಿನಲ್ಲಿ ನನ್ನ ಗಂಡ ಹುನಗುಂದದ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಕಮತಗಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿಬಿಟ್ಟರು. ಬೈಕು ಗುರುತು ಸಿಗದಂತಾಗಿತ್ತು. ಇವರು ರಸ್ತೆ ಬದಿಯ ಮಣ್ಣಿನ ಮೇಲೆ ಬಿದ್ದು, ಒಂದು ಕಾಲು ಮುರಿದುಕೊಂಡು ಉಳಿದರು. ಅಂದೂ ಸೋಮವಾರ. ದವಾಖಾನೆಯಲ್ಲಿ ಮಗನ ಕಾಲಿಗೆ ಪ್ಲಾಸ್ಟರ್ ಹಾಕಿದ್ದನ್ನು ನೋಡಿದ ಅತ್ತೆ ಕಾರಿಡಾರಿನಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು.

‘ನಿನ್ನ ಉಪಾಸ ಉಳಿಸಿತವಾ. ನಿನಗ ಮೊದಲ ತಿಳಿದಿತ್ತಲ್ಲ, ಅದಕ್ಕ ಬೇಡ್ಕೊಂಡಿದ್ದಿ. ನನ್ನ ಮಗನ್ನ ನೀನ ಉಳಿಸಿದಿ’ ಎಂದು ಅತ್ತರು.

ಬಾಯಿ ಬಿಡಬೇಕಾಗಿದ್ದದ್ದು ಅಲ್ಲಿ. ಬಿಡಲಿಲ್ಲ. ಗಂಡ ಉಳಿದ ಸಂತೋಷದಲ್ಲಿ ನಾನೂ ಅಳುತ್ತಿದ್ದೆ, ಅಳುವಿನ ನಡುವೆ ಸುಳ್ಳು ಒಪ್ಪಿಕೊಳ್ಳುವುದು ಹೇಗೆ ಎಂದುಕೊಂಡೆ. ಅದು ನೆಪ. ಖರೆ ಮಾತೆಂದರೆ, ಯಾರೋ ನನ್ನನ್ನು ಅಷ್ಟು ದೊಡ್ಡವಳನ್ನಾಗಿ ಮಾಡಿದ್ದು ನನಗೆ ಸೇರಿತ್ತು. ಹಸಿವೆಯಿಂದ ತಲೆ ತಿರುಗುತ್ತಿದ್ದ ನನಗೆ ಆ ಹೊಗಳಿಕೆ ಊಟದಂತೆ ಹೊಟ್ಟೆಗೆ ಇಳಿಯಿತು.

ಮುಂದಿನ ಸೋಮವಾರ ನಾನು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯುತ್ತಿದ್ದಾಗ ಅತ್ತೆ ತಮ್ಮ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ‘ನನಗೂ ಹಿಂಡು. ನನ್ನ ಮಗನ ಸಲುವಾಗಿ ನೀ ಒಬ್ಬಾಕೀನ ಯಾಕ ಹಸಗೊಂಡಿರ್ತಿ? ಇವತ್ತಿಂದ ನಾನೂ ಹಿಡೀತೇನಿ’ ಎಂದರು. ನಾನು ಬೇಡವೆಂದೆ, ವಯಸ್ಸಾಯಿತು ಎಂದೆ. ಉಪವಾಸದವರು ತಿನ್ನುವ ಸಾಬುದಾಣಿ, ಶೇಂಗಾ ಆದರೂ ತಿನ್ನಿ ಎಂದೆ. ‘ನೀ ಮುಟ್ಟೂದಿಲ್ಲ, ನಾ ಹೆಂಗ ಮುಟ್ಟಲಿ?’ ಎಂದು ನನ್ನ ಬಾಯಿ ಮುಚ್ಚಿಸಿದರು. ಅವರಿಗೆ ಆಗಲೇ ಅರವತ್ತು ದಾಟಿತ್ತು. ಅಂದಿನಿಂದ ಪ್ರತಿ ಸೋಮವಾರ ಆ ಮನೆಯಲ್ಲಿ ಇಬ್ಬರು ಹೆಂಗಸರು ಹಸಿದಿರುತ್ತಿದ್ದೆವು. ಒಬ್ಬಳು ಮಗನಿಗಾಗಿ, ಒಬ್ಬಳು ಸೊಂಟಕ್ಕಾಗಿ.

ನನ್ನ ಗಂಡನಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಮಂಚದ ಕೆಳಗಿದ್ದ ತೂಕದ ಯಂತ್ರ ಅವರು ನೋಡಿದ್ದರು. ನಾನು ಮೊಬೈಲಿನಲ್ಲಿ ಹೊಟ್ಟೆ ಕರಗಿಸುವ ವಿಡಿಯೋ ನೋಡುತ್ತಿದ್ದಾಗ, ‘ಇದೂ ದೇವರ ಕಾರ್ಯಕ್ರಮ ಏನು?’ ಎಂದು ಒಮ್ಮೆ ಕೇಳಿದ್ದರು. ನಾನು ಕಣ್ಣು ಕೆಂಪು ಮಾಡಿದೆ, ಅವರು ಸುಮ್ಮನಾದರು. ನಮ್ಮ ಮನೆಯಲ್ಲಿ ನನ್ನ ಸಿಟ್ಟಿಗೆ ಎಲ್ಲರೂ ಸುಮ್ಮನಾಗುತ್ತಿದ್ದರು. ಉಪವಾಸ ಮಾಡುವವಳ ಬಾಯಿಗೆ ಯಾರು ಬೀಳುತ್ತಾರೆ!

ಒಂಬತ್ತು ವರ್ಷದಲ್ಲಿ ನಾನು ಏನೇನು ಮಾಡಲಿಲ್ಲ! ಬರೀ ಸೌತೆಕಾಯಿ ತಿಂದೆ, ಬರೀ ಮೊಳಕೆ ಕಾಳು ತಿಂದೆ, ಯಾವುದೋ ಪುಡಿಯನ್ನು ನೀರಿನಲ್ಲಿ ಕಲಸಿ ಮೂಗು ಹಿಡಿದು ಕುಡಿದೆ. ಇಳಿದದ್ದು ಏರುತ್ತಿತ್ತು, ಏರಿದ್ದನ್ನು ಇಳಿಸಲು ಇನ್ನೊಂದು ವಾರಕ್ಕೆ ಇನ್ನೊಂದು ದೇವರನ್ನು ಹುಡುಕುತ್ತಿದ್ದೆ. ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬರುತ್ತಿತ್ತು. ಬಾಗಲಕೋಟೆಯ ಬೇಸಿಗೆಯಲ್ಲಿ, ಜನ ನೆರಳಿಗಾಗಿ ಗೋಡೆ ಹಿಡಿದು ನಡೆಯುವಾಗ, ನನ್ನ ಕೈಕಾಲು ತಣ್ಣಗಿರುತ್ತಿದ್ದವು. ಕಮತಗಿಯ ಕಡೆಗೆ ನಾನು ಮಾಸ್ತರಿಕೆ ಮಾಡುವ ಒಂದು ಸರಕಾರಿ ಶಾಲೆಯಿದೆ. ಅಲ್ಲಿ ಸೋಮವಾರ ನನ್ನ ಕ್ಲಾಸಿನ ಮಕ್ಕಳು ಉಸಿರೆತ್ತುತ್ತಿರಲಿಲ್ಲ. ಒಂದು ಮಗು ಪೆನ್ಸಿಲ್ ಬೀಳಿಸಿದ್ದಕ್ಕೆ ನಾನು ಅರ್ಧ ತಾಸು ಬೈದದ್ದುಂಟು. ಆ ಮಕ್ಕಳ ಮುಖ ನೆನೆದರೆ ಈಗ ನನಗೇ ಎರಡು ಕೊಡಬೇಕೆನ್ನಿಸುತ್ತದೆ.

ಮೂರನೇ ವರ್ಷವೋ ನಾಲ್ಕನೆಯದೋ, ಸಾಕಷ್ಟು ಸೊರಗಿದ ಮೇಲೆ, ಇಳಕಲ್ಲಿಗೆ ಹೋದೆ. ಬೇಕೆಂದೇ ಚಿಗವ್ವನ ಮುಂದೆ ಎರಡು ಸಲ ಹಾದೆ. ಆಕೆ ಕನ್ನಡಕ ಏರಿಸಿ ನೋಡಿ, ‘ಏನವಾ, ಮೈಯಾಗ ಆರಾಮ ಇಲ್ಲೇನು? ದವಾಖಾನಿಗೆ ತೋರಿಸೀದಿ?’ ಎಂದಳು. ಮಗ್ಗದ ಮಾತು ಅವಳಿಗೆ ನೆನಪೇ ಇರಲಿಲ್ಲ. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಹೋದ ವರ್ಷ ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಐಹೊಳೆ, ಪಟ್ಟದಕಲ್ಲು ತೋರಿಸಿಕೊಂಡು ಬಾದಾಮಿಗೆ ಕರೆದುಕೊಂಡು ಹೋದೆವು. ಅಂದು ಶನಿವಾರ. ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದಿದ್ದೆ. ಮಧ್ಯಾಹ್ನ ಗುಡ್ಡದ ಮೇಲಿನ ಗುಡಿಗೆ ಹೋಗುವ ಮೆಟ್ಟಿಲು ಹತ್ತತೊಡಗಿದೆವು. ಎರಡೂ ಕಡೆ ಕೆಂಪು ಬಂಡೆ, ನಡುವೆ ಕಿರಿದಾದ ದಾರಿ. ಮಕ್ಕಳು ಆಡಿನ ಮರಿಗಳಂತೆ ಮುಂದೆ ಓಡಿದರು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವ್ವ, ನನಗಿಂತ ಹತ್ತು ವರ್ಷ ದೊಡ್ಡವಳು, ಎಲ್ಲರ ರೊಟ್ಟಿಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ಕೈ ಬೀಸುತ್ತ ನನ್ನ ಪಕ್ಕದಲ್ಲಿ ಹತ್ತುತ್ತಿದ್ದಳು. ಅವಳು ಬೀರಪ್ಪನ ಒಕ್ಕಲಿನ ಮನೆಯ ಹೆಣ್ಣುಮಗಳು. ಕುರಿಯ ಹಿಂದೆ ಅಡ್ಡಾಡಿ ಬೆಳೆದವಳು. ಅವಳ ಉಸಿರಿನ ಸದ್ದೂ ಕೇಳುತ್ತಿರಲಿಲ್ಲ. ನನ್ನ ಉಸಿರು ನನಗೊಬ್ಬಳಿಗೇ ಅಲ್ಲ, ಹಿಂದೆ ಬರುತ್ತಿದ್ದ ಪ್ರವಾಸಿಗರಿಗೂ ಕೇಳುತ್ತಿತ್ತು. ಇಪ್ಪತ್ತು ಮೆಟ್ಟಿಲು ಹತ್ತಿರಬೇಕು. ಕಣ್ಣಿಗೆ ಕತ್ತಲೆ ಬಂತು.

ಎಚ್ಚರವಾದಾಗ ಅಡುಗೆಯವ್ವನ ತೊಡೆಯ ಮೇಲೆ ತಲೆಯಿತ್ತು. ಸುತ್ತ ನನ್ನ ಕ್ಲಾಸಿನ ಮಕ್ಕಳು. ನಾನು ಪೆನ್ಸಿಲಿಗಾಗಿ ಬೈದ ಮಗುವೇ ತನ್ನ ಬಿಸ್ಕಿಟ್ ಪೊಟ್ಟಣವನ್ನು ನನ್ನ ಮುಖದ ಹತ್ತಿರ ಹಿಡಿದಿತ್ತು. ಅಷ್ಟು ಜನರ ಮುಂದೆ ಅಡುಗೆಯವ್ವ ನನ್ನನ್ನು ಎತ್ತಿ ನಿಲ್ಲಿಸಿ, ಸೊಂಟಕ್ಕೆ ಕೈ ಹಾಕಿ ಕೆಳಗೆ ಇಳಿಸಿದಳು. ಎತ್ತುವಾಗ ಮೆಲ್ಲಗೆ, ‘ಏನೂ ಭಾರಾನ ಇಲ್ಲಲ್ರಿ ಅಕ್ಕೋರ’ ಎಂದಳು. ಒಂಬತ್ತು ವರ್ಷ ಈ ಮಾತು ಕೇಳಲೆಂದೇ ಹಸಿದಿದ್ದೆ. ಕೇಳಿಸಿಕೊಂಡಾಗ ಅಳು ಬಂತು.

ಬಾದಾಮಿಯ ದವಾಖಾನೆಯಲ್ಲಿ ಡಾಕ್ಟರ್ ಹೆಣ್ಣುಮಗಳು. ರಕ್ತ ತಪಾಸಣೆ ಮಾಡಿಸಿ, ನನ್ನ ತೋಳು ಹಿಡಿದು ನೋಡಿ, ಏನು ತಿಂದಿದ್ದೀರಿ ಎಂದು ಕೇಳಿದರು. ಉಪವಾಸ ಎಂದೆ. ವಾರಕ್ಕೆ ಎಷ್ಟು ದಿನ ಎಂದರು. ಹೇಳಿದೆ.

‘ನಾನೂ ದೇವರನ್ನ ನಂಬಾಕಿನ ರೀ. ಆದ್ರ ಇಷ್ಟ ದಿನ ಹಸದಿರು ಅನ್ನೋ ದೇವರನ್ನ ಎಲ್ಲೂ ಕಂಡಿಲ್ಲ’ ಎಂದು ಅವರು ಪೆನ್ನು ಕೆಳಗಿಟ್ಟರು. ‘ರಕ್ತ ಕಡಿಮಿ ಐತಿ. ಮೈಯಾನ ಮಾಂಸಖಂಡ ಕರಗ್ಯಾವ. ಹಿಂಗ ಮಾಡಿದ್ರ ಎಲುಬೂ ಉಳಿಯೂದಿಲ್ಲ. ತೂಕದ ಕಾಟಾ ಮನಿಯಾಗಿದ್ರ ಹೊರಗ ಹಾಕ್ರಿ. ಮೂರೂ ಹೊತ್ತು ಉಣ್ರಿ, ಕಾಳು, ಮೊಸರು ಬಿಡಬ್ಯಾಡ್ರಿ. ಮೈಯಾಗ ಕಸುವು ಬಂದ ಮ್ಯಾಲೆ ನಿಧಾನಕ್ಕ ಭಾರ ಎತ್ತೂದು ಕಲೀರಿ. ತೆಳ್ಳಗ ಆಗಾಕಲ್ಲ, ಗಟ್ಟಿ ಆಗಾಕ.’

ಗಟ್ಟಿಯಾಗುವುದು ಎಂಬ ಒಂದು ವಿಷಯ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಕಡಿಮೆಯಾಗುವುದನ್ನಷ್ಟೇ ಕಲಿತಿದ್ದೆ.

ಆದರೆ ಉಣ್ಣುವುದು ಎಲ್ಲಿ? ಮನೆಯಲ್ಲಿ ಸೋಮವಾರ ರೊಟ್ಟಿ ಮುರಿದರೆ ಅತ್ತೆಯ ಎದೆ ಒಡೆಯುತ್ತದೆ. ಅವರ ಲೆಕ್ಕದಲ್ಲಿ ಮಗನ ಜೀವ ನನ್ನ ಹಸಿವೆಯ ಮೇಲೆ ನಿಂತಿದೆ. ಇವರು ದಿನಾ ಅದೇ ರಸ್ತೆಯಲ್ಲಿ ಹೋಗಿ ಬರುತ್ತಾರೆ. ಹರಕೆ ಮುರಿದೆ ಎಂದರೆ ಅತ್ತೆ ಸಂಜೆ ಅವರು ಮನೆಗೆ ಬರುವವರೆಗೆ ಬಾಗಿಲಲ್ಲೇ ಕೂಡುತ್ತಾರೆ. ಹರಕೆಯೇ ಇರಲಿಲ್ಲ ಎಂದರೆ? ಆ ಮಾತು ಗಂಟಲವರೆಗೆ ಬಂದು ಒಳಗೆ ಹೋಯಿತು. ಒಳಗೆ ಹೋದದ್ದು ನನ್ನ ಅಂಜುಬುರುಕತನದಿಂದ, ಅವರ ಮೇಲಿನ ಕರುಣೆಯಿಂದಲ್ಲ.

ಹೀಗೆ ಒಂಬತ್ತು ವರ್ಷ ಕದ್ದು ಹಸಿದವಳು ಈಗ ಕದ್ದು ತಿನ್ನತೊಡಗಿದೆ. ಉಪವಾಸದ ದಿನಗಳಲ್ಲಿ ಬಸ್ಸಿಳಿದು ನೇರವಾಗಿ ಶಾಲೆಯ ಅಡುಗೆಕೋಣೆಗೆ ಹೋಗುತ್ತಿದ್ದೆ. ಅಡುಗೆಯವ್ವ ತನ್ನ ಮನೆಯಿಂದ ನನಗೆಂದು ಎರಡು ರೊಟ್ಟಿ, ಮಡಿಕೆಕಾಳಿನ ಪಲ್ಯ, ಗಟ್ಟಿ ಮೊಸರು ತಂದಿರುತ್ತಿದ್ದಳು. ಮೊದಲ ದಿನ ಅರ್ಧ ರೊಟ್ಟಿಗೇ ಹೊಟ್ಟೆ ಹೆದರಿತು. ಒಂದು ತುತ್ತು ನುಂಗಿ ಸೊಂಟ ಮುಟ್ಟಿ ನೋಡಿಕೊಂಡೆ. ಅವಳು ನೋಡಿದಳು. ‘ಅಲ್ಲೇನ ಹುಡುಕತೀರಿ, ಅದು ಇನ್ನೂ ಗಂಟಲದಾಗ ಐತಿ’ ಎಂದಳು ಅಷ್ಟೇ. ನನಗೆ ನಗು ಬಂತು, ತುತ್ತು ಇಳಿಯಿತು.

ವ್ಯಾಯಾಮವನ್ನೂ ಅಲ್ಲೇ ಕಲಿತೆ. ಡಾಕ್ಟರು ಒಂದು ಕಾಗದದಲ್ಲಿ ಬರೆದುಕೊಟ್ಟಿದ್ದರು: ಕೂತು ಏಳುವುದು, ಗೋಡೆಗೆ ಕೈಯಿಟ್ಟು ಮೈ ತಳ್ಳುವುದು, ಭಾರ ಹಿಡಿದು ನಡೆಯುವುದು, ನಡುವೆ ಒಂದು ದಿನ ಬಿಡುವುದು, ನೋವಾದರೆ ನಿಲ್ಲಿಸುವುದು. ನಾನು ಆ ಕಾಗದ ಓದಿದ್ದನ್ನು ಕೇಳಿ ಅಡುಗೆಯವ್ವ ಬಿದ್ದು ಬಿದ್ದು ನಕ್ಕಳು. ‘ಇದನ್ನ ಕಲ್ಯಾಕ ಡಾಕ್ಟರ್ ಬೇಕಾತೇನ್ರಿ?’ ಎಂದು ತಾನು ಕೂಡುವ ಕಟ್ಟಿಗೆಯ ಮಣೆಯನ್ನು ನನ್ನ ಮುಂದೆ ತಳ್ಳಿದಳು. ಕೂತೆ. ನೆಲಕ್ಕೆ ಕೈ ಊರದೆ ಏಳಲು ಆಗಲಿಲ್ಲ. ನಲವತ್ತಾರನೇ ವಯಸ್ಸಿಗೆ ನಾನು ಮಣೆಯ ಮೇಲೆ ಕುಂಡಿ ಊರಿ, ಕೈ ಚಾಚಿ ಕೂತ ಆ ಗಳಿಗೆಯ ನಾಚಿಕೆ ಮರೆಯುವಂಥದ್ದಲ್ಲ. ಆಮೇಲೆ ಎರಡು ಮಣೆ ಒಂದರ ಮೇಲೊಂದು ಇಟ್ಟು ಶುರುಮಾಡಿದೆವು. ತಿಂಗಳಾದ ಮೇಲೆ ಒಂದು ಮಣೆ ತೆಗೆದಳು.

ನಳದಿಂದ ಅಡುಗೆಕೋಣೆಗೆ ಅರ್ಧ ಕೊಡ ನೀರು ಹೊತ್ತೆ. ಎರಡು ತಿಂಗಳಿಗೆ ಮುಕ್ಕಾಲು ಕೊಡ. ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ ಎತ್ತುವುದನ್ನು ಅವಳು ತೋರಿಸಿದಳು. ‘ಸೊಂಟದಲೆ ಎತ್ತಬ್ಯಾಡ್ರಿ, ತೊಡೀಲೆ ಎತ್ರಿ’ ಎಂದು ನಾನು ಮಕ್ಕಳಿಗೆ ಮಗ್ಗಿ ಹೇಳಿಕೊಡುವಂತೆ ಹೇಳುತ್ತಿದ್ದಳು. ಕೆಲವು ದಿನ ಎಲ್ಲಾ ಬಿಟ್ಟು ಮತ್ತೆ ನಿಂಬೆಹಣ್ಣಿನ ನೀರಿಗೆ ಹೋಗಿಬಿಡೋಣ ಎನ್ನಿಸುತ್ತಿತ್ತು. ಕುಪ್ಪಸದ ತೋಳು ಬಿಗಿಯಾದ ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಮಾರನೆಯ ದಿನ ಹೊಲಿಗೆ ಬಿಚ್ಚಿ ತೊಟ್ಟುಕೊಂಡು ಶಾಲೆಗೆ ಹೋದೆ. ತೂಕದ ಯಂತ್ರವನ್ನು ಹಳೆ ಸಾಮಾನಿನವನಿಗೆ ಕೊಟ್ಟೆ. ಅವನು ಅಲ್ಲೇ ಅದರ ಮೇಲೆ ನಿಂತು, ಛಲೋ ಐತಲ್ರಿ ಎಂದ. ಛಲೋ ಇದೆ, ಒಯ್ಯಿ ಎಂದೆ.

ಐದಾರು ತಿಂಗಳಲ್ಲಿ ನಾನು ಬೇರೆಯೇ ಆದೆ. ನಿದ್ದೆ ಬರುತ್ತಿತ್ತು. ಸೋಮವಾರ ನನ್ನ ಕ್ಲಾಸಿನಲ್ಲಿ ಗದ್ದಲವಾಗುತ್ತಿತ್ತು, ನನಗೆ ಸಿಟ್ಟು ಬರುತ್ತಿರಲಿಲ್ಲ. ಬಸ್ಸಿನಲ್ಲಿ ನಿಂತು ಬಂದರೂ ಕಾಲು ನಡುಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ನಾನು ಹಳೆಯ ಭಕ್ತೆಯೇ. ಸೋಮವಾರ ಬೆಳಿಗ್ಗೆ ಅತ್ತೆಯ ಜೊತೆ ಕೂತು ಬಿಸಿನೀರು ಕುಡಿದು, ಸಪ್ಪೆ ಮುಖ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಒಂದು ತಾಸಿನಲ್ಲಿ ನಾನು ಕಮತಗಿಯಲ್ಲಿ ಮೊಸರು ಕಲಸಿಕೊಳ್ಳುತ್ತಿದ್ದೆ. ಅತ್ತೆ ನವನಗರದಲ್ಲಿ ನನ್ನ ಸುಳ್ಳನ್ನು ಕಾಯುತ್ತ ಹಸಿದು ಕೂತಿರುತ್ತಿದ್ದರು. ರೊಟ್ಟಿ ಮುರಿಯುವಾಗ ಇದು ನೆನಪಾಗುತ್ತಿತ್ತು. ನೆನಪಾದರೂ ಮುರಿಯುತ್ತಿದ್ದೆ. ಅದಕ್ಕಿಂತ ನಾಚಿಕೆಗೇಡು ಇನ್ನೇನು ಬೇಕು?

ಶ್ರಾವಣ ಮುಗಿದ ಮೇಲಿನ ಒಂದು ಸೋಮವಾರ ಶಾಲೆಗೆ ರಜೆ ಇತ್ತು. ಇವರು ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಬಚ್ಚಲಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ನೆಲದ ಮೇಲಿದ್ದರು. ಕಣ್ಣು ತೇಲುತ್ತಿದ್ದವು, ತುಟಿ ಒಣಗಿತ್ತು. ಬೆಳಗಿನಿಂದ ಬರೀ ನೀರು. ನಾನು ಹಿಂದೆ ಮುಂದೆ ನೋಡಲಿಲ್ಲ. ಮೊಣಕಾಲು ಮಡಚಿ, ಎರಡೂ ತೋಳಿನಲ್ಲಿ ಸೊರಗಿದ್ದ ಅವರನ್ನು ಎತ್ತಿಕೊಂಡು, ಪಡಸಾಲೆ ದಾಟಿ ಮಂಚದ ಮೇಲೆ ಮಲಗಿಸಿದೆ. ಆರು ತಿಂಗಳ ಹಿಂದೆ ಅರ್ಧ ಕೊಡಕ್ಕಿಂತ ಹೆಚ್ಚು ಎತ್ತಲಾರದವಳು ನಾನು. ಸಕ್ಕರೆ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ನೆಟ್ಟಗಾದವು. ಅವರು ನನ್ನ ರಟ್ಟೆ ಮುಟ್ಟಿದರು, ಹಿಸುಕಿ ನೋಡಿದರು.

‘ಎಷ್ಟ ಗಟ್ಟಿ ಆಗೀಯ ಯವ್ವಾ! ನಾನೂ ನಿನ್ನಂಗ ಉಪಾಸ ಮಾಡ್ತೇನಿ, ನನಗ ಯಾಕ ಈ ಕಸುವು ಬರವಲ್ದು? ನನ್ನ ಭಕ್ತಿ ಒಳಗ ಏನೋ ಕಡಿಮಿ ಐತಿ’ ಎಂದರು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

‘ನಿಮ್ಮದ ಕಡಿಮಿ ಇಲ್ರಿ ಅತ್ತಿ. ನಂದ ಸುಳ್ಳು. ನಾ ಹರಕಿ ಹೊತ್ತಿದ್ದಿಲ್ಲ. ಯಾವತ್ತೂ ಹೊತ್ತಿದ್ದಿಲ್ಲ.’

ಎಲ್ಲವನ್ನೂ ಹೇಳಿದೆ. ಮಗ್ಗದ ಮಾತು, ತೂಕದ ಯಂತ್ರ, ಅಡುಗೆಕೋಣೆಯ ರೊಟ್ಟಿ. ಅವರು ನನ್ನ ರಟ್ಟೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ‘ಅವನ ಆಕ್ಸಿಡೆಂಟ್ ಆದಾಗ ದವಾಖಾನ್ಯಾಗ ನಾ ನಿನ್ನ ಕೈ ಹಿಡಕೊಂಡಿದ್ದೆ’ ಎಂದರು.

‘ಹೌದ್ರಿ.’

‘ಆವಾಗರ ಹೇಳಬಾರದೇನು?’

ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಒಂದು ವಾರ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ನನ್ನ ತಟ್ಟೆಗೆ ರೊಟ್ಟಿ ಬಡಿಸುತ್ತಿದ್ದರು, ಮೂರೂ ಹೊತ್ತು, ಮುಖ ನೋಡದೆ. ಗುರುವಾರವೂ ಬಡಿಸಿದರು, ಶನಿವಾರವೂ ಬಡಿಸಿದರು. ನನ್ನ ಗಂಡ ಎರಡು ದಿನ ನಮ್ಮಿಬ್ಬರ ಮುಖ ನೋಡಿ, ಮೂರನೇ ದಿನ ಕೇಳಿದರು. ಅವರಿಗೂ ಹೇಳಿದೆ. ‘ನನಗ ಅನಸ್ತಿತ್ತು’ ಎಂದರು. ಅನ್ನಿಸಿದ್ದರೆ ಹೇಳಬಾರದೇ ಎಂದು ಅವರ ಮೇಲೆ ಹಾರಲು ಬಾಯಿ ತೆರೆದೆ. ಯಾವ ಮುಖ ಹೊತ್ತು ಕೇಳಲಿ ಎಂದು ಮುಚ್ಚಿದೆ.

ಭಾನುವಾರ ಸಂಜೆ ಅತ್ತೆ ಸೀರೆ ಮಡಚುತ್ತ, ನನ್ನ ಕಡೆ ನೋಡದೆ, ‘ನಾಳಿಗೆ ರಜಾ ಹಾಕು. ಬನಶಂಕರಿಗೆ ಹೋಗೂದೈತಿ’ ಎಂದರು.

ಬೆಳಿಗ್ಗೆ ನನಗೆ ತಿನ್ನಿಸಿಯೇ ಹೊರಡಿಸಿದರು. ತಾವು ನೀರು ಕುಡಿದರು. ಬಾದಾಮಿಯವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಗುಡಿಯಲ್ಲಿ ಸಾಲಿತ್ತು. ನಮ್ಮ ಹಿಂದೆ ಮುಂದೆ ಕಾಯಿ, ಕರ್ಪೂರ ಹಿಡಿದ ಹೆಂಗಸರು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡು ನಿಂತಿದ್ದರು, ಬೀಳುವ ಭಯಕ್ಕೋ, ನಾನು ಓಡಿಹೋಗುವ ಭಯಕ್ಕೋ ತಿಳಿಯಲಿಲ್ಲ. ದೇವಿಯ ಮುಂದೆ ಬಂದಾಗ ಅವರು ಕೈ ಮುಗಿಯಲಿಲ್ಲ. ಸೆರಗು ಒಡ್ಡಿ ನಿಂತರು. ಪಕ್ಕದ ಮನೆಯವಳ ಹತ್ತಿರ ಮಾತಾಡುವಂತೆ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು.

‘ತಾಯಿ, ಈಕಿ ನಿನ್ನ ಹೆಸರ ಹೇಳಿ ಒಂಬತ್ತ ವರ್ಷ ಸುಳ್ಳ ಉಪಾಸ ಮಾಡ್ಯಾಳ. ನಾ ಖರೇನ ಮಾಡೀನಿ. ನಂದನ್ನ ಈಕೀದಂತ ತಿಳಕೊಂಡು ಇಟ್ಟುಕೋ. ಈಕಿ ಮ್ಯಾಲೆ ಸಿಟ್ಟ ಮಾಡಬ್ಯಾಡ. ಉಣ್ಣಾಕ ಹತ್ಯಾಳ, ಉಣ್ಣಾಕ ಬಿಡು.’

ಸಾಲಿನಲ್ಲಿದ್ದವರು ತಿರುಗಿ ನನ್ನನ್ನು ನೋಡಿದರು. ಪೂಜಾರಿಯೂ ನೋಡಿದರು. ನನ್ನ ಓಣಿಯ ಹೆಂಗಸರು ಅಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಆ ಹೊತ್ತು ನನಗೆ ವ್ಯತ್ಯಾಸವಾಗುತ್ತಿರಲಿಲ್ಲ. ಅಪರಿಚಿತರ ಕಣ್ಣಿಗೆ ಬಿದ್ದ ನಾಚಿಕೆ ಒಂದು ತೂಕವಾದರೆ, ಆ ಮಾತು ಕೇಳಿ ಆದ ನಾಚಿಕೆ ಇನ್ನೊಂದು. ತಮ್ಮ ಒಂಬತ್ತು ವರ್ಷದ ಸೋಮವಾರಗಳನ್ನು ಆ ಮುದುಕಿ ನನ್ನ ಹೆಸರಿಗೆ ಕೊಟ್ಟುಬಿಟ್ಟಿದ್ದರು. ನಾನು ಕೈ ಮುಗಿದೆ. ಬೇಡಿಕೊಳ್ಳಲು ಏನೂ ತೋಚಲಿಲ್ಲ.

ಹೊರಗೆ ಹೊಂಡದ ಕಟ್ಟೆಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ‘ರೊಟ್ಟಿ ಉಣ್ಣ ಬರ್ರೀ’ ಎಂದು ಕರೆಯುತ್ತಿದ್ದರು. ಅತ್ತೆ ಒಬ್ಬಳ ಮುಂದೆ ಕೂತು ನನಗೂ ಕೂಡೆಂದು ನೆಲ ತೋರಿಸಿದರು. ಒಂದೇ ತಟ್ಟೆ ಹೇಳಿದರು. ಎರಡು ಹೇಳಿರಿ ಎಂದೆ. ನನ್ನ ಮಾತಿಗೆ ಅಳು ಸೇರಿತ್ತು.

‘ನಂದು ಕಡೀ ಸೋಮವಾರ ಇದು. ಸಂಜಿಗೆ ದೀಪ ಹಚ್ಚಿ ಉಣ್ತೇನಿ, ನಾಳಿಯಿಂದ ನಿನ್ನ ಜೋಡಿ ಮೂರೂ ಹೊತ್ತು ಉಣ್ತೇನಿ. ನಂದು ಖರೇದೈತಿ, ಅರ್ಧಕ್ಕ ಬಿಡಾಕ ಬರೂದಿಲ್ಲ.’

‘ಮತ್ತ ಚಕ್ಕರ ಬಂದ್ರ ಏನ ಮಾಡ್ತೀರಿ?’

‘ಮಜ್ಜಿಗಿ ಕುಡೀತೇನಿ, ಸುಮ್ಮನ ಉಣ್ಣು.’

ಬುಟ್ಟಿಯವಳು ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ನನ್ನ ಮುಂದೆ ಎರಡು ರೊಟ್ಟಿ, ಕೆಂಪು ಚಟ್ನಿ, ಮೊಸರು ಬಂತು. ಹಸಿದವರ ಎದುರಿಗೆ ಕೂತು ನಾನು ತಿಂದೆ. ಒಂದು ರೊಟ್ಟಿ ಮುಗಿಸಿ ಸಾಕೆಂದು ಕೈ ತೊಳೆಯಲು ಹೋದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿ, ಎರಡನೇ ರೊಟ್ಟಿಯನ್ನು ತಾವೇ ಮುರಿದು, ಮೊಸರು ಹಚ್ಚಿ ನನ್ನ ಬಾಯಿಗೆ ಹಿಡಿದರು.